ಜೋಮು

೧೪ ಅಕ್ಟೋಬರ್ ೧೯೫೬, ದಸರೆ. ಮುರುಮ

ಇಂದು ತಾಲೀಮಿನ ಗರಡಿ ಮಣ್ಣಿಗೆ ಪೂಜೆಯಾಯಿತು. ಹಳೆಯ ಮಣ್ಣು ಅಗೆದು ಹೊರಗೆ ಹಾಕಿ, ಹೊಸ ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ ಕಲಸಿ ಹದ ಮಾಡುವುದರಲ್ಲಿ ವಾರವೇ ಕಳೆದಿತ್ತು. ಖಂಡೆಪ್ಪ ಒಬ್ಬನೇ ನಾಲ್ಕಾಳಿನ ಕೆಲಸ ಮಾಡಿದ. ಸಂಜೆ ಬನ್ನಿ ಎಲೆ ನನ್ನ ಕೈಯಲ್ಲಿಟ್ಟು ಕಾಲಿಗೆ ಬಿದ್ದು, "ಬಂಗಾರ ತಗೊಂಡು ಬಂಗಾರದಂಗ ಇರೋಣ್ರಿ ವಸ್ತಾದರ" ಅಂದ. ಬೆನ್ನು ಚಪ್ಪರಿಸಿದೆ. ಕುಸ್ತಿ ಕಲಿಸುವವನ ಕೈಗೆ ಇಂಥ ಬೆನ್ನು ಜನ್ಮಕ್ಕೊಮ್ಮೆ ಸಿಗುತ್ತದೆ.

ಇವನು ತುರೋರಿಯ ಆಚೆಯ ಹಟ್ಟಿಯವನು, ಕುರಿ ಕಾಯುವವರ ಮಗ. ಹೈದರಾಬಾದ್ ಸಂಸ್ಥಾನ ಮುಳುಗಿದ ಗದ್ದಲದ ವರ್ಷಗಳು ಮುಗಿದು ತಾಲೀಮಿನ ಬಾಗಿಲು ಮತ್ತೆ ತೆರೆದ ಮಳೆಗಾಲದಲ್ಲಿ ಮೊದಲ ಸಲ ಕಂಡಿದ್ದೆ. ಹಳ್ಳ ಕೆಂಪಗೆ ತುಂಬಿ ಹರಿಯುತ್ತಿತ್ತು. ಹೆಗಲ ಮೇಲೊಂದು ಟಗರು ಹೊತ್ತು, ಕಂಕುಳಲ್ಲೊಂದು ಮರಿ ಇಟ್ಟುಕೊಂಡು ಹಾಡುತ್ತಾ ದಾಟುತ್ತಿದ್ದ. ಆಗಿನ್ನೂ ಮೀಸೆ ಮೂಡಿರಲಿಲ್ಲ. ಅವನ ತಾಯಿ ಮಾಳವ್ವನನ್ನು ಕೇಳಿ ಕರೆತಂದೆ. "ಬೀರಪ್ಪ ದೇವರು ಕೊಟ್ಟ ಮಗ ರೀ, ಜ್ವಾಪಾನ" ಎಂದು ಅವಳು ನನ್ನ ಕೈ ಹಿಡಿದು ಹೇಳಿದ್ದಳು. ಇಂದಿನವರೆಗೆ ಅವನ ಮೇಲೆ ನಾನು ಕೈ ಎತ್ತಿಲ್ಲ. ನಮಗೆ ಮಕ್ಕಳಿಲ್ಲ. ಹೆಂಡತಿ ಕಸ್ತೂರಬಾಯಿ ಹಂಚಿನಿಂದ ಇಳಿದ ಮೊದಲ ರೊಟ್ಟಿ ಅವನಿಗೇ ಕೊಡುತ್ತಾಳೆ, ನನಗೆ ಎರಡನೆಯದು.

ಅವನ ಹೆಂಡತಿ ಮಲಕಮ್ಮನಿಗೆ ಈಗ ಚೊಚ್ಚಲ ಬಸಿರು. ದಸರೆಗೆ ಊರಿಗೆ ಹೋಗಿ ಬಾ ಎಂದು ಒಂದು ಚೀಲ ಜೋಳ ಕಟ್ಟಿಸಿ ಕೊಟ್ಟಿದ್ದೇನೆ.

೧೮ ಅಕ್ಟೋಬರ್

ಉಮರ್ಗಾದ ಬಜಾರಿನಲ್ಲಿ ವೈಜಿನಾಥ ಸಿಕ್ಕ. ನಾವಿಬ್ಬರೂ ಒಂದೇ ವಸ್ತಾದರ ಕೈಯಲ್ಲಿ ಮಣ್ಣು ತಿಂದವರು. ಈಗ ಅವನು ನಿಲಂಗಾದಲ್ಲಿ ತಾಲೀಮು ನಡೆಸುತ್ತಾನೆ. ಮೂರು ವರ್ಷದಿಂದ ಉದಗೀರದ ಸಂಕ್ರಾಂತಿ ಕುಸ್ತಿಯಲ್ಲಿ ಅವನದೇ ಗೆಲುವು. ಹೋದ ವರ್ಷ ಅವನ ಪೈಲ್ವಾನ ದಿಗಂಬರನ ಎದುರು ಖಂಡೆಪ್ಪ ಚೆನ್ನಾಗಿಯೇ ಹಿಡಿದಿದ್ದ. ಕೊನೆಗೆ ಕಾಲು ಸೋತವು, ಕುಸಿದ.

ಚಹದ ಅಂಗಡಿಯಲ್ಲಿ ಎಲ್ಲರೂ ಕೇಳುವ ಹಾಗೆ ವೈಜಿನಾಥ ಅಂದ: "ಮಾಣಿಕಪ್ಪಾ, ನಿಮ್ಮ ಮುರುಮದಾಗ ಕಬ್ಬು ಬೆಳಿತಾವ, ಪೈಲ್ವಾನ್ರು ಬೆಳಿಯಂಗಿಲ್ಲ. ನಿನ್ನ ಪೈಲ್ವಾನಂದು ಮ್ಯಾಲ ಆನಿ, ಕೆಳಗ ಆಡು."

ಜನ ನಕ್ಕರು. ನಾನೂ ನಕ್ಕೆ. ಆಮೇಲೆ ಅಲ್ಲೇ ಎಲೆ ಅಡಿಕೆ ಇಟ್ಟು ಜೋಡಿ ಗೊತ್ತು ಮಾಡಿದೆ: ಸಂಕ್ರಾಂತಿಯ ಮರುದಿನ, ಉದಗೀರ, ಖಂಡೆಪ್ಪ ಮತ್ತು ದಿಗಂಬರ.

ಬರುವಾಗ ದಾರಿಯುದ್ದಕ್ಕೂ ಅದೇ ಮಾತು ಕಿವಿಯಲ್ಲಿ. ಕೆಳಗ ಆಡು.

೨೨ ಅಕ್ಟೋಬರ್

ಇಂದಿನಿಂದ ಹೊಸ ಕ್ರಮ. ಕುಸ್ತಿ ಮುಗಿಯುವವರೆಗೆ ಖಂಡೆಪ್ಪ ತಾಲೀಮಿನಲ್ಲೇ ಇರಬೇಕು, ಮನೆಗೆ ಹೋಗುವಂತಿಲ್ಲ. ಮಾಂಸ ಬಂದ್. ರೊಟ್ಟಿ ಅರ್ಧ. ಮೈಯ ನೀರು, ಬೊಜ್ಜು ಇಳಿದು ನರ ಮಾತ್ರ ಉಳಿಯಬೇಕು. ಬೆಳಗಿನ ಜಾವ ಕೂತು ಏಳುವ ಬೈಠಕ್, ಮಧ್ಯಾಹ್ನ ಬೈಠಕ್, ಸಂಜೆ ಕುಸ್ತಿಯಾದ ಮೇಲೆ ಮತ್ತೆ ಬೈಠಕ್. ಕೊನೆಗೆ ಕೊರಳಿಗೆ ಕಲ್ಲಿನ ಬಳೆ ಹಾಕಿ, ಮಂಡಿ ಪೂರ್ತಿ ಮಡಿಸಿ ಕುಕ್ಕರುಗಾಲಿನಲ್ಲಿ ಕೂತೇ ಇರುವುದು, ನಾನು ಏಳು ಅನ್ನುವವರೆಗೆ.

"ಎಷ್ಟು ಬೈಠಕ್ ರೀ?" ಎಂದು ಕೇಳಿದ.

"ನಾ ಸಾಕು ಅಂದಷ್ಟು."

"ಆತ್ರಿ" ಎಂದು ನಕ್ಕ. ಅವನಿಗೆ ಲೆಕ್ಕ ಬೇಕಿಲ್ಲ, ಅದೇ ಅವನ ಗುಣ. ರಾತ್ರಿ ಅವನ ಕಾಲಿಗೆ ನಾನೇ ಎಣ್ಣೆ ಹಚ್ಚಿ ತಿಕ್ಕಿದೆ. ಬೇಡ ಬೇಡ ಅನ್ನುತ್ತಲೇ ನಿದ್ದೆ ಹೋದ. ಮಲಗಿದಾಗ ಇನ್ನೂ ಆ ಹಳ್ಳ ದಾಟುತ್ತಿದ್ದ ಹುಡುಗನೇ.

೧ ನವೆಂಬರ್

ಊರಲ್ಲಿ ಸಕ್ಕರೆ ಹಂಚಿದರು. ನಾವು ಇಂದಿನಿಂದ ಮುಂಬಯಿ ರಾಜ್ಯದವರಂತೆ. ಉದಗೀರ, ನಿಲಂಗಾ ಬೀದರದಿಂದ ಬಿಟ್ಟು ನಮ್ಮ ಜಿಲ್ಲೆಗೆ ಸೇರಿದವು. ಶಾಲೆಯ ಮಾಸ್ತರರು ಕಟ್ಟೆಯ ಮೇಲೆ ನಿಂತು ಮರಾಠಿಯಲ್ಲಿ ಭಾಷಣ ಮಾಡಿದರು. ನಾನು ಶಾಲೆಯಲ್ಲಿ ಉರ್ದು ಕಲಿತೆ, ಮಠದಲ್ಲಿ ಕನ್ನಡ, ಬಜಾರಿನಲ್ಲಿ ಮರಾಠಿ. ನನಗೆ ಯಾವ ಸರಕಾರವಾದರೂ ಒಂದೇ. ತಾಲೀಮಿನ ಮಣ್ಣು ಯಾವ ರಾಜ್ಯಕ್ಕೂ ಹೋಗುವುದಿಲ್ಲ.

ಸಂಜೆ ಖಂಡೆಪ್ಪ ಎಡಗಾಲಿನ ಮೊಣಕಾಲ ಕೆಳಗೆ ಹೊರಬದಿಯನ್ನು ಉಜ್ಜಿಕೊಳ್ಳುತ್ತಾ ಕುಳಿತಿದ್ದ.

"ಏನಾತು?"

"ಜೋಮು ಹಿಡದದ್ರೀ. ಇರಿವಿ ಹರದಾಡಿದಂಗ ಆಗ್ತದ. ಕೂತು ಎದ್ದ ಮ್ಯಾಲೂ ಹೋಗವಲ್ದು."

"ಇರಿವಿ ಹರದ್ರ ನರ ಎಚ್ಚರ ಅದಾವ ಅಂತ ತಿಳಿ" ಅಂದೆ. ಬಿಸಿ ಎಣ್ಣೆ ಹಚ್ಚಿದೆ. ನಾನೂ ಆ ವಯಸ್ಸಿನಲ್ಲಿ ಜೋಮು ಕಂಡವನೇ.

೧೧ ನವೆಂಬರ್

ದೀಪಾವಳಿಗೂ ಅವನನ್ನು ಬಿಡಲಿಲ್ಲ. ಕೇಳಲೂ ಇಲ್ಲ ಅವನು.

ಊಟಕ್ಕೆ ಕುಳಿತಾಗ ಕಸ್ತೂರಬಾಯಿ ಮೆಲ್ಲಗೆ ಅಂದಳು: "ಖಂಡೆಪ್ಪ ನಡೀವಾಗ ಎಡಗಾಲು ಚಟ್ ಚಟ್ ಅಂತ ನೆಲಕ್ಕ ಬಡಿತದ, ಕೇಳ್ರಿ ಒಂದೀಟು. ಹಸಿ ಸಗಣಿ ಬಡದಂಗ."

ಕೇಳಿಸಿಕೊಂಡೆ. ನಡೆಯುವಾಗ ಹಿಮ್ಮಡಿಗಿಂತ ಮೊದಲು ಅಂಗಾಲು ಬೀಳುತ್ತದೆ, ಮುಂಗಾಲು ಮೇಲೇಳುವುದಿಲ್ಲ. ದಣಿವು. ದಣಿವನ್ನು ದಣಿವಿನಿಂದಲೇ ಓಡಿಸಬೇಕು.

೧೯ ನವೆಂಬರ್

ಇಂದು ತಾಲೀಮಿನ ಹೊಸ್ತಿಲು ಎಡವಿ ಬಿದ್ದ. ಎದ್ದು ನಡೆದ. ಹಿಂದೆ ಸಾಲಾಗಿ ರಕ್ತದ ಚುಕ್ಕೆ. ಹೆಬ್ಬೆರಳಿನ ಉಗುರು ಕಿತ್ತು ತೊಗಲಿಗೆ ನೇತಾಡುತ್ತಿತ್ತು. ಅವನಿಗೆ ಗೊತ್ತೇ ಇಲ್ಲ! ಉಳಿದವರು ತೋರಿಸಿದಾಗ ಬಗ್ಗಿ ನೋಡಿ, ಬೇರೆಯವರ ಕಾಲು ನೋಡಿದ ಹಾಗೆ ನೋಡಿದ.

"ಮೈಮ್ಯಾಲ ಖಬರಿಲ್ಲೇನಲೇ? ಮನಸ್ಸು ಹಟ್ಟಿಗೆ ಹೋಗ್ಯಾದೇನು, ಹೆಂಡ್ತಿ ಕಡೆ?" ಎಂದು ಕೆನ್ನೆಗೆ ಹೊಡೆದೆ. ಹೊಡೆದದ್ದು ಇದೇ ಮೊದಲು. ಅವನು ತಲೆ ತಗ್ಗಿಸಿ, "ತಪ್ಪಾತ್ರಿ" ಅಂದ.

ರಾತ್ರಿ ಊಟ ಸೇರಲಿಲ್ಲ. ಅಂಗೈ ಉರಿಯುತ್ತಲೇ ಇದೆ.

೨೩ ನವೆಂಬರ್

ಮತ್ತೆ ಹೊಡೆಯಬೇಕಾಯಿತು. ಬೈಠಕ್‌ನಿಂದ ಏಳುವಾಗ ಎಡಕ್ಕೆ ವಾಲುತ್ತಾನೆ. ಕಬ್ಬಿನ ಜಲ್ಲೆಯಿಂದ ಹೊಡೆದರೆ ನನ್ನ ಕೈಗೆ ನೋವಾಗುವುದಿಲ್ಲ.

೨ ಡಿಸೆಂಬರ್

ಬರೆ ಹಾಕಿದೆ. ನರ ಮಲಗಿದರೆ ಬೆಂಕಿಯಿಂದಲೇ ಎಬ್ಬಿಸಬೇಕು ಎಂದು ನಮ್ಮ ವಸ್ತಾದರು ಹೇಳುತ್ತಿದ್ದರು. ನಮ್ಮ ಕಬ್ಬಿನ ಗಾಣದ ಒಲೆಯಲ್ಲಿ ಕುಡುಗೋಲಿನ ಬೆನ್ನು ಕೆಂಪಗೆ ಕಾಯಿಸಿ, ಮೊಣಕಾಲಿನ ಕೆಳಗೆ ಹೊರಬದಿಗೆ ಮೂರು ಗೆರೆ ಎಳೆದೆ. ಹಿಡಿಯಲು ಇಬ್ಬರನ್ನು ನಿಲ್ಲಿಸಿದ್ದೆ. ಬೇಕಾಗಲಿಲ್ಲ. ಅವನು ಗೋಡೆಗೆ ಒರಗಿ, ಗಾಣ ತಿರುಗುವ ಎತ್ತುಗಳನ್ನು ನೋಡುತ್ತಾ ಕುಳಿತಿದ್ದ. ತೊಗಲು ಸುಟ್ಟ ವಾಸನೆ ಬೆಲ್ಲದ ವಾಸನೆಯೊಂದಿಗೆ ಬೆರೆಯಿತು. ಹಿಡಿಯಲು ಬಂದವನೊಬ್ಬ ಮುಖ ತಿರುಗಿಸಿದ.

"ಚಾಲೂ ಮಾಡ್ರಿ ವಸ್ತಾದರ" ಅಂದ ಖಂಡೆಪ್ಪ.

"ಮುಗೀತಲೋ!"

ಅವನು ಬಗ್ಗಿ ಕಾಲು ನೋಡಿಕೊಂಡ. ಬಾಯಿ ತೆರೆದದ್ದು ಮುಚ್ಚಲಿಲ್ಲ.

ಇಂಥ ಗಂಡೆದೆ ನಾನು ಕಂಡಿಲ್ಲ. ತಾಲೀಮಿನ ಎಲ್ಲರಿಗೂ ಕೂಗಿ ಹೇಳಿದೆ: ನೋಡಿರೋ, ಪೈಲ್ವಾನನೆಂದರೆ ಇವನು, ಬೆಂಕಿ ತಾಗಿದರೆ ರೆಪ್ಪೆ ಬಡಿಯಲಿಲ್ಲ. ಅವನು ಮಾತ್ರ ಖುಷಿಪಡಲಿಲ್ಲ. "ಹತ್ತಲೇ ಇಲ್ರಿ ನಂಗ" ಎಂದು ಎರಡು ಸಲ ಅಂದ. ವಿನಯ.

೧೪ ಡಿಸೆಂಬರ್

ಸಿಡುಬಿನ ದೇವಿ ಹಾಕಲು ಊರಿಗೆ ಸರಕಾರಿ ಡಾಕ್ಟರು ಬಂದಿದ್ದರು. ಹೈದರಾಬಾದಿನಲ್ಲಿ ಓದಿದವರು, ತೆಳ್ಳಗೆ, ಚಷ್ಮಾ. ಕಸ್ತೂರಬಾಯಿ ನನ್ನನ್ನು ಕೇಳದೆ ಅವರನ್ನು ತಾಲೀಮಿಗೆ ಕರೆಸಿದಳು. ಊರ ಜನರೆದುರು ಬೇಡ ಅನ್ನಲಾಗಲಿಲ್ಲ.

ಅವರು ಖಂಡೆಪ್ಪನನ್ನು ಹಗ್ಗದ ಮಂಚದ ಮೇಲೆ ಕೂರಿಸಿ, "ಪಾದ ಮೇಲಕ್ಕೆತ್ತು" ಅಂದರು. ಬಲಗಾಲು ಎದ್ದಿತು. ಎಡಗಾಲು ನೇತಾಡಿತು. ಕಣ್ಣು ಮುಚ್ಚಿಸಿ ಸೂಜಿ ಚುಚ್ಚಿದರು. ಪಾದದ ಮೇಲ್ಭಾಗ, ಮೊಣಕಾಲಿನ ಕೆಳಗಿನ ಹೊರಬದಿ, ಎಲ್ಲಿ ಚುಚ್ಚಿದರೂ ಅವನು "ಇನ್ನಾ ಚುಚ್ಚಿಲ್ರಿ" ಅನ್ನುತ್ತಿದ್ದ. ಬರೆಯ ಗಾಯ ನೋಡಿ, "ಇದು ಯಾರು ಮಾಡಿದ್ದು?" ಅಂದರು.

ನನ್ನನ್ನು ಹೊರಗೆ ಕರೆದರು. "ವಸ್ತಾದರೇ, ಇಲ್ಲಿ ನೋಡ್ರಿ" ಎಂದು ನನ್ನದೇ ಮೊಣಕಾಲಿನ ಹೊರಬದಿಯ ಎಲುಬಿನ ಗಂಟಿನ ಮೇಲೆ ಬೆರಳು ಒತ್ತಿದರು. ಪಾದದವರೆಗೆ ಜುಂ ಎಂದಿತು. "ಪಾದ ಎತ್ತೋ ನರ ಇಲ್ಲೇ ಸುತ್ತಿ ಹೋಗ್ತದ. ಮ್ಯಾಲ ತೊಗಲು, ಕೆಳಗ ಎಲುಬು, ನಡುವ ಬ್ಯಾರೆ ಆಸರಾ ಇಲ್ಲ. ನೀವು ಇಷ್ಟೊತ್ತು ಕುಕ್ಕರಿಸಿ ಕೂಡಿಸಿದ್ರ ಅದು ಜಜ್ಜಿ ಹೋಗ್ತದ. ಹುಡುಗನ ಮೈಯಾಗ ಕೊಬ್ಬೂ ಉಳಿಸಿಲ್ಲ ನೀವು. ಈಗ ಬಿಟ್ರ ಎರಡ್ ಮೂರು ತಿಂಗಳದಾಗ ತಾನೇ ಬರ್ತದ."

"ಬಿಡದಿದ್ರ?"

"ಬರಂಗಿಲ್ಲ. ಈ ಗಾಯನೂ ನೋಡ್ಕೊಳ್ರಿ. ನೋವಿಲ್ಲದ ಗಾಯ ಭಾಳ ಕೆಟ್ಟದ್ದು."

ಜೀವಮಾನದಲ್ಲಿ ಒಂದು ದಂಡ ಹೊಡೆಯದವನು ನನಗೆ ಬೈಠಕ್ ಬಿಡಿಸು ಅನ್ನುತ್ತಾನೆ. ಕುಸ್ತಿಗೆ ಒಂದು ತಿಂಗಳಿದೆ.

ಒಳಗೆ ಹೋದಾಗ ಖಂಡೆಪ್ಪ ಕೇಳಿದ: "ಡಾಕ್ಟರ್ ಏನಂದ್ರು ರೀ?"

"ತಾನೇ ಬರ್ತದ ಅಂದ್ರು."

ಸುಳ್ಳು ಹೇಳಲಿಲ್ಲ. ಅವರು ಅಂದದ್ದೇ.

೨೦ ಡಿಸೆಂಬರ್

ಮಾಳವ್ವ ಬಂದಿದ್ದಳು. ಬೆಳಗಿನಿಂದ ನಡೆದು, ಅರ್ಧ ದಾರಿ ಯಾರದೋ ಬಂಡಿಯಲ್ಲಿ. ಹೆಂಗಸರು ತಾಲೀಮಿನೊಳಗೆ ಬರುವಂತಿಲ್ಲ. ಹೊರಗೆ ಬೇವಿನ ಕೆಳಗೆ ನಿಂತಿದ್ದಳು. ನಾನೇ ಹೋದೆ.

"ವಸ್ತಾದರ, ಗಂಡ್ಮಗ ಹುಟ್ಯಾನ್ರಿ. ಆದ್ರ ಮಲಿ ಹಿಡೀವಲ್ದು. ಅಳೂದೂ ಇಲ್ಲ. ಮಲಕಮ್ಮ ಒಂದೇ ಸವನ ಅವನ ಹೆಸ್ರು ಹೇಳ್ತಾಳ. ಒಂದು ದಿನದ ಮಟ್ಟಿಗೆ ಕಳಸ್ರಿ."

"ಈಗ ಕಳಿಸಿದ್ರ ಅಂವಾ ತಿರುಗಿ ಬರಂಗಿಲ್ಲ, ಮಾಳವ್ವ."

"ಬರ್ತಾನ್ರಿ. ಬೀರಪ್ಪನ ಆಣಿ, ನಾನೇ ತಂದು ಬಿಡ್ತೀನಿ."

"ಸಂಕ್ರಾಂತಿ ಆದಮ್ಯಾಲ."

ತುಪ್ಪ, ಬೆಲ್ಲ ಕಟ್ಟಿಸಿ ಕೊಟ್ಟೆ. ತಿರುಗಿ ಹೋಗಲು ನಮ್ಮದೇ ಬಂಡಿ ಹೂಡಿಸಿದೆ. ಒಳಗೆ ಅವನು ಬೈಠಕ್ ಹೊಡೆಯುವ ಉಸಿರು ಗೋಡೆಯಾಚೆಯಿಂದ ಕೇಳುತ್ತಿತ್ತು. ಮಾಳವ್ವ ಗೋಡೆಗೆ ಅಂಗೈ ಒತ್ತಿ ಸ್ವಲ್ಪ ಹೊತ್ತು ನಿಂತಳು. ನಂತರ ಬಂಡಿ ಹತ್ತಿದಳು. ತುಪ್ಪದ ಗಡಿಗೆ ಬೇವಿನ ಕೆಳಗೇ ಇತ್ತು. ಮರೆತಿರಬೇಕು.

ಕಸ್ತೂರಬಾಯಿ ಕೇಳಿದಳು, "ತಂದಿಗೂ ಹೇಳೂದು ಬ್ಯಾಡೇನ್ರಿ?" ಬೇಡ ಅಂದೆ.

೨೪ ಡಿಸೆಂಬರ್

ಮಗು ಹೋಯಿತಂತೆ. ಕಸ್ತೂರಬಾಯಿ ನಿನ್ನೆ ಹಟ್ಟಿಗೆ ಹೋಗಿ ಇಂದು ಬಂದಳು. ನನ್ನೊಂದಿಗೆ ಮಾತಿಲ್ಲ. ರೊಟ್ಟಿ ಬಡಿಸುತ್ತಾಳೆ, ನೀರು ಇಡುತ್ತಾಳೆ. ಅವನಿಗೆ ಒಂದು ಮಾತು ಹೇಳಿದರೆ ತವರಿಗೆ ಕಳಿಸುತ್ತೇನೆ ಎಂದು ಹೇಳಿಟ್ಟಿದ್ದೇನೆ.

ಗಡಿಗೆಯ ತುಪ್ಪ ಖಂಡೆಪ್ಪನಿಗೆ ಹಾಕಿಸಿದೆ. ಕೆಡಬಾರದು.

೩೧ ಡಿಸೆಂಬರ್, ಎಳ್ಳಮಾಸಿ

ಎಳ್ಳು ಅಮಾವಾಸ್ಯೆಯ ಹಬ್ಬಕ್ಕೆ ಊರೆಲ್ಲ ಹೊಲದಲ್ಲಿ. ನಮ್ಮ ಹೊಲಕ್ಕೂ ಅಂಬಲಿ, ಭಜ್ಜಿ, ಸಜ್ಜೆ ಕಡಬು ಹೋಯಿತು. ಖಂಡೆಪ್ಪ ತಿನ್ನಲಿಲ್ಲ. ಮೂರು ದಿನದಿಂದ ಮಂಕಾಗಿದ್ದಾನೆ. ಬೈಠಕ್ ನಡುವೆ ನಿಂತುಬಿಡುತ್ತಾನೆ. ಜಲ್ಲೆಯಿಂದ ಹೊಡೆದರೂ ಮೊದಲಿನ ಪರಿಣಾಮವಿಲ್ಲ.

"ವಸ್ತಾದರ, ಮಲಕಮ್ಮನ ದಿನ ತುಂಬ್ಯಾವ್ರಿ. ಏನರೆ ಸುದ್ದಿ ಅದ ಏನ್ರಿ?"

ಇದೇ ಸಮಯ ಅನ್ನಿಸಿತು.

"ಗಂಡ್ಮಗ ಹುಟ್ಯಾನಲೇ. ಕುಸ್ತಿ ಗೆದ್ದ ಮ್ಯಾಲ ಹೇಳೋಣಂತಿದ್ದೆ."

ಅವನ ಮುಖ! ಮಣ್ಣಿನಲ್ಲಿ ಕೈಯೂರಿ ಹಣೆ ಒತ್ತಿದ. ನಕ್ಕ, ಅತ್ತ. "ಯಾರಂಗ ಅದಾನ್ರಿ?"

"ನಿನ್ನಂಗ. ಹೆಗಲು ನಿನ್ನವ. ಗೆದ್ದು ಹೋಗಿ ಎತ್ತಿಕೋ."

ಆಮೇಲೆ ಅವನು ಹೊಡೆದ ಬೈಠಕ್ ಎಣಿಸಿದವರಿಲ್ಲ. ಸಾಕು ಎಂದು ನಾನು ಹೇಳುವವರೆಗೂ ನಿಲ್ಲಲಿಲ್ಲ. ಹೇಳಿದ್ದು ಕತ್ತಲಾದ ಮೇಲೆ. ಬಹಳ ದಿನಗಳ ನಂತರ ಮನಸ್ಸಿಗೆ ನೆಮ್ಮದಿಯಾದ ದಿನ.

೬ ಜನವರಿ ೧೯೫೭

ಕಾಲಿಗೊಂದು ಉಪಾಯ ಕಂಡುಹಿಡಿದೆ. ಹೆಬ್ಬೆರಳಿಗೆ ನೂಲಿನ ಹಗ್ಗ ಕಟ್ಟಿ ಮೊಣಕಾಲಿಗೆ ಬಿಗಿದರೆ ಪಾದ ಬೀಳುವುದಿಲ್ಲ, ನಡಿಗೆ ನೆಟ್ಟಗೆ ಕಾಣುತ್ತದೆ, ವೈಜಿನಾಥನ ಜನಕ್ಕೆ ಗೊತ್ತಾಗುವುದಿಲ್ಲ. ಅಖಾಡದಲ್ಲಿ ಹಗ್ಗ ಇರುವಂತಿಲ್ಲ. ಅಲ್ಲಿ ಕಾಲನ್ನು ಎತ್ತದೆ ಗೂಟದ ಹಾಗೆ ಊರಿ, ಮೈಗೆ ಮೈ ಹತ್ತಿಸಿ ಆಡುವುದನ್ನು ರೂಢಿ ಮಾಡಿಸುತ್ತಿದ್ದೇನೆ.

ಬರೆಯ ಗಾಯ ಹಸಿಯಾಗಿದೆ. ವಾಸನೆ. ಅರಿಶಿನ ತುಂಬಿ ಕಟ್ಟಿದೆ. ನೋವಿಲ್ಲ ಅನ್ನುತ್ತಾನೆ. ಒಳ್ಳೆಯದೇ ಆಯಿತು.

೧೩ ಜನವರಿ. ಉದಗೀರ

ಬೆಲ್ಲದ ಲಾರಿಯಲ್ಲಿ ಬಂದೆವು. ಲಾರಿ ಮೊದಲು ತುರೋರಿಯಲ್ಲಿ ಮೂಟೆ ಇಳಿಸಬೇಕಿತ್ತು, ಅದು ನನಗೆ ಹತ್ತಿದ ಮೇಲೆ ತಿಳಿಯಿತು. ನಿಂತ ಕೂಡಲೇ ಖಂಡೆಪ್ಪ ಎದ್ದ.

"ಹಟ್ಟಿ ಅಗೋ ಅಲ್ಲೇ ಅದ್ರಿ. ಮಗನ ಮಾರಿ ನೋಡಿ ಓಡಿ ಬರ್ತೀನಿ."

"ಆ ಕಾಲ್ಲೆ ಓಡತೀಯಾ? ಲಾರಿ ನಿಂದ್ರಂಗಿಲ್ಲ. ಕೂಡ್ರು."

ಕುಳಿತ. ಆದರೆ ರಸ್ತೆಯಾಚೆ ಬಾವಿಯ ಬಳಿ ಕೊಡ ಹಿಡಿದು ಮಲಕಮ್ಮನೇ ನಿಂತಿದ್ದಳು. ಅವನು ಮೂಟೆಗಳ ಮೇಲೆ ಎದ್ದು ನಿಂತು, "ಏ ಮಲಕಾ! ಮಗಾ ಹ್ಯಾಂಗದಾನ? ಮಗಾ!" ಎಂದು ಕೂಗಿದ. ನಾನು ಡ್ರೈವರನ ಭುಜ ತಟ್ಟಿ ನಡೆ ಅಂದೆ. ಇಂಜಿನ್ನಿನ ಸದ್ದಿಗೆ ಅವಳಿಗೆ ಏನು ಕೇಳಿಸಿತೋ. ಕೊಡ ಕೈಯಿಂದ ಜಾರಿತು. ಒಂದು ಕೈ ಮೇಲೆತ್ತಿ ಹಾಗೇ ನಿಂತಳು. ಧೂಳು ಅಡ್ಡ ಬಂತು.

"ಕೈ ಎತ್ತಿದಳ್ರಿ" ಎಂದು ಅವನು ದಾರಿಯುದ್ದಕ್ಕೂ ಹೇಳುತ್ತಾ ಬಂದ. "ಗೆದ್ದು ಬಾ ಅಂತ ಕೈ ಎತ್ತಿದಳು."

ಹೌದು ಅಂದೆ.

೧೫ ಜನವರಿ

ಗೆದ್ದೆವು.

ಸರಿಯಾಗಿ ಬರೆದಿಡಬೇಕು. ಕೋಟೆಯ ಹಿಂದಿನ ಬಯಲು, ಮರದ ಮೇಲೂ ಜನ. ಹಲಗಿಯ ಸದ್ದಿಗೆ ಎದೆ ನಡುಗುತ್ತಿತ್ತು. ದಿಗಂಬರ ಮೈಗೆ ಮಣ್ಣು ಹಚ್ಚಿಕೊಂಡು ಬಂದ. ಹೋದ ವರ್ಷಕ್ಕಿಂತ ದಪ್ಪ. ಮೊದಲ ಹಿಡಿತದಲ್ಲೇ ನಮ್ಮವನ ಎಡಗಾಲು ಗಮನಿಸಿದ. ಗೂಟ ಕಿತ್ತಂತೆ ಅದನ್ನು ಹೊರಗಿನಿಂದ ಒದ್ದ. ಖಂಡೆಪ್ಪ ಮಂಡಿಯೂರಿದ. ದಿಗಂಬರ ಬೆನ್ನೇರಿದ. ನಿಲಂಗಾದವರ ಕೂಗು ಆಕಾಶಕ್ಕೆ ಹೋಯಿತು.

ಅವನು ಕಾಲು ಹಿಡಿದು ತಿರುಚಲು ಕೈ ಹಾಕಿದ್ದು ಬರೆಯ ಮೇಲೆಯೇ. ಕಟ್ಟು ಬಿಚ್ಚಿತು, ಗಾಯ ಒಡೆಯಿತು. ಎಂಥ ಪೈಲ್ವಾನನಾದರೂ ಅಲ್ಲಿ ಚೀರಬೇಕಿತ್ತು. ನಮ್ಮವನು ಚೀರಲಿಲ್ಲ. ಚೀರಿದವನು ದಿಗಂಬರ. ಬೆರಳೆಲ್ಲ ಕೀವು, ರಕ್ತ. ಕೈ ನೋಡಿಕೊಂಡು ಹಿಡಿತ ಸಡಿಲಿಸಿದ. ಆ ಒಂದು ಗಳಿಗೆ ಸಾಕಾಯಿತು. ಖಂಡೆಪ್ಪ ಒಳಗೆ ಹೊರಳಿ, ಕತ್ತು ಹಿಡಿದು, ಇಡೀ ಮೈಯನ್ನು ಮೇಲೆ ಚೆಲ್ಲಿದ. ದಿಗಂಬರನ ಎರಡೂ ಭುಜ ಮಣ್ಣಿಗೆ ಹತ್ತಿದವು. ಚಿತ್!

ಊರ ಹಿರಿಯರು ಅವನ ತಲೆಗೆ ಜರಿಯ ಅಂಚಿನ ಗುಲಾಬಿ ಫೇಟಾ ಸುತ್ತಿದರು. ಹೆಗಲ ಮೇಲೆ ಹೊತ್ತು ಮೆರೆಸಿದರು. ಅವನು ಎರಡೂ ತೋಳು ಮಡಿಸಿ, ಎಳೆಯ ಕೂಸನ್ನು ಎತ್ತಿಕೊಂಡವನ ಹಾಗೆ ತೂಗಿ ತೋರಿಸುತ್ತಿದ್ದ. ಜನಕ್ಕೆ ಅರ್ಥವಾಗಲಿಲ್ಲ. ಅವರೂ ಹಾಗೇ ತೂಗಿ ನಕ್ಕರು.

ವೈಜಿನಾಥ ನಮ್ಮ ಬಿಡಾರಕ್ಕೆ ಬಂದ. ಅಭಿನಂದಿಸಲು ಎಂದುಕೊಂಡೆ. ಅವನು ಖಂಡೆಪ್ಪನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ. ತನ್ನ ಹೆಗಲ ವಸ್ತ್ರದಿಂದ ಗಾಯ ಒರೆಸಿದ. ಎದ್ದು ನನ್ನ ಮುಂದೆ ನಿಂತು ಮೆಲ್ಲಗೆ ಅಂದ:

"ಮಾಣಿಕಪ್ಪಾ, ನಾ ಬಜಾರದಾಗ ಚೇಷ್ಟಿ ಮಾಡಿದ್ದೆ. ಚೇಷ್ಟಿಗೆ ಹಿಂಗ ಮಾಡ್ತಾರೇನೋ?"

ಸೋತವನ ಹೊಟ್ಟೆಕಿಚ್ಚು. ಬಜಾರಿನಲ್ಲಿ ಎಲ್ಲರೆದುರು ಅಂದವನು ಇಂದು ಮೆಲ್ಲಗೆ ಮಾತನಾಡಿದ, ಅಷ್ಟು ಸಾಕು ನನಗೆ.

೧೬ ಜನವರಿ

ದಾರಿಯಲ್ಲಿ ನಿಲಂಗಾ ದಾಟಿದ ಮೇಲೆ ಮಗು ಹೋದದ್ದನ್ನು ಹೇಳಿದೆ. ಹಟ್ಟಿಯಲ್ಲಿ ಹೆಂಗಸರ ಬಾಯಿಂದ ಕೇಳುವುದಕ್ಕಿಂತ ಇದು ವಾಸಿ.

ಅವನು ಕೇಳಿದ: "ಯಾವಾಗ ರೀ?"

"ಎಳ್ಳಮಾಸಿಗಿಂತ ಮೊದಲ."

"ಎಳ್ಳಮಾಸಿ ದಿನ ನೀವು ನಂಗ ಹೇಳಿದ್ದು—"

"ನಿನ್ನ ಒಳ್ಳೇದಕ್ಕ ಹೇಳಿದ್ದು. ಗೆದ್ದೀಯೋ ಇಲ್ಲೋ?"

"ಗೆದ್ದೀನ್ರಿ" ಅಂದ.

ತುರೋರಿಯಲ್ಲಿ ಇಳಿದ. ಹಗ್ಗ ಕಟ್ಟಿಕೊಂಡಿರಲಿಲ್ಲ. ಚಟ್ ಚಟ್ ಎಂದು ಬಡಿಯುತ್ತಾ ಹೊಲದ ದಾರಿ ಹಿಡಿದ. ತಿರುಗಿ ನೋಡಿ ಕೈ ಮುಗಿಯುವುದನ್ನು ಮರೆತ.

೮ ಫೆಬ್ರುವರಿ

ಖಂಡೆಪ್ಪನ ಕಾಲು ಕಪ್ಪಾಗಿ, ಜ್ವರ ಏರಿ, ಸೊಲ್ಲಾಪುರದ ದೊಡ್ಡ ಆಸ್ಪತ್ರೆಗೆ ಒಯ್ದರಂತೆ. ಮೊಣಕಾಲ ಕೆಳಗೆ ತೆಗೆದರಂತೆ. ಜೀವಕ್ಕೆ ಭಯವಿಲ್ಲ. ಹೋಗಬೇಕೆಂದಿದ್ದೆ, ಗಾಣದ ಕೆಲಸ ನಡುವೆ ನಿಂತಿದೆ, ಗೆಲುವಿನ ಸುದ್ದಿ ಹರಡಿ ತಾಲೀಮಿಗೆ ಹೊಸ ಹುಡುಗರು ಸುತ್ತಲ ಊರುಗಳಿಂದ ಬರುತ್ತಿದ್ದಾರೆ.

ಕಸ್ತೂರಬಾಯಿ ಹೋದಳು. ಅಲ್ಲಿಂದ ಮನೆಗೆ ಬರದೆ ವಲಾಂಡಿಗೆ, ಅಣ್ಣನ ಮನೆಗೆ ಹೋದಳಂತೆ. ಹೆಂಗಸರ ಕೋಪ, ಬಿಸಿಲು ಏರುವ ಮೊದಲು ಬಂದಾಳು.

೨೧ ಮಾರ್ಚ್

ಇಂದು ಹಟ್ಟಿಗೆ ಹೋಗಿ ಬಂದೆ. ಅವನನ್ನು ನೋಡಿ ಎರಡು ತಿಂಗಳ ಮೇಲಾಗಿತ್ತು. ಹೊಸ ಹುಡುಗರಿಗೆ ಉದಗೀರದ ಗೆಲುವಿನ ಗುರುತು ಏನಾದರೂ ತೋರಿಸಬೇಕೆಂದೂ ಇತ್ತು.

ಖಂಡೆಪ್ಪ ಕುರಿದೊಡ್ಡಿಯ ಬೇಲಿಗೆ ಒರಗಿ ನಿಂತಿದ್ದ. ಕಂಕುಳಲ್ಲಿ ಜಾಲಿಯ ಮರದ ಊರುಗೋಲು. ಸೊರಗಿದ್ದಾನೆ. ಆ ಬೆನ್ನು ಈಗ ಇಲ್ಲ. ನನ್ನನ್ನು ಕಂಡು ನೆಟ್ಟಗೆ ನಿಲ್ಲಲು ನೋಡಿದ. ಮಾಳವ್ವ ಚಾಪೆ ಹಾಸಲಿಲ್ಲ. ಮಲಕಮ್ಮ ಒಳಗೆ ಏನೋ ಕುಟ್ಟುತ್ತಿದ್ದವಳು ಕುಟ್ಟುತ್ತಲೇ ಇದ್ದಳು.

"ಹ್ಯಾಂಗದೀ?"

"ಅದೀನ್ರಿ. ಇಲ್ಲದ ಕಾಲಿನ ಬೆರಳು ರಾತ್ರಿ ನೋಯ್ತಾವ್ರಿ. ಇದ್ದಾಗ ನೋಯಲಿಲ್ಲ, ಈಗ ನೋಯ್ತಾವ."

ಆಗ ಊರುಗೋಲಿನ ತುದಿ ಕಣ್ಣಿಗೆ ಬಿತ್ತು. ಕಂಕುಳಿಗೆ ಒತ್ತಬಾರದೆಂದು ಬಟ್ಟೆ ಸುತ್ತಿದ್ದರು. ಗುಲಾಬಿ ಬಣ್ಣ, ಜರಿಯ ಅಂಚು. ಬೆವರಿಗೆ ಕಪ್ಪಿಟ್ಟಿತ್ತು.

ಮೈ ಉರಿದುಹೋಯಿತು. ಮೂರು ವರ್ಷ ಸೋತು ಪಡೆದ ಫೇಟಾ! ಹತ್ತೂರ ಜನರೆದುರು ತಲೆಗೆ ಕಟ್ಟಿದ್ದು!

"ಇದನ್ನ ಯಾರು ಕಟ್ಟಿದ್ರು?"

ಒಳಗಿನ ಕುಟ್ಟುವ ಸದ್ದು ನಿಂತಿತು. ಮಲಕಮ್ಮ ಬಾಗಿಲಿಗೆ ಬಂದಳು. "ನಾನೇ ಕಟ್ಟೀನ್ರಿ. ಕಂಕುಳ ಕಿತ್ತು ಹುಣ್ಣಾಗಿತ್ತು. ಮನ್ಯಾಗ ಮೆತ್ತನ್ನ ಅರಿವಿ ಅದೊಂದೇ ಇತ್ತು. ಇನ್ನೊಂದು ಇತ್ರಿ, ಕೂಸಿನ ಜೋಡಿ ಮಣ್ಣಾಗ ಇಟ್ಟೀವಿ."

"ಇದು ತಾಲೀಮಿನ ಮಾನ, ತಂಗಿ. ಕೋಲಿಗೆ ಸುತ್ತೋ ಅರಿವಿ ಅಲ್ಲ" ಅಂದೆ.

ಅವಳು ಉತ್ತರ ಕೊಡಲು ಬಾಯಿ ತೆರೆದಳು. ಖಂಡೆಪ್ಪ ಕೈಸನ್ನೆಯಿಂದ ತಡೆದ. ಬೇಲಿಗೆ ಬೆನ್ನು ಕೊಟ್ಟು ಒಂದೇ ಕಾಲ ಮೇಲೆ ನಿಂತು, ಗಂಟು ಬಿಚ್ಚಿ, ಸುತ್ತು ಸುತ್ತಾಗಿ ಫೇಟಾ ತೆಗೆದ. ನಿಧಾನವಾಗಿ ಮಡಿಸಿ, ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟ.

"ತಗೊಳ್ರಿ ವಸ್ತಾದರ. ನೀವೇ ಗೆದ್ದದ್ದು."

ಶಿಸ್ತು ಇನ್ನೂ ಉಳಿದಿದೆ ಅವನಲ್ಲಿ. ಅಷ್ಟಾದರೂ ನಾನು ಕಲಿಸಿದ್ದು ವ್ಯರ್ಥವಾಗಲಿಲ್ಲ. ಬರಿಯ ಕಟ್ಟಿಗೆಯನ್ನು ಕಂಕುಳಿಗೆ ಕೊಟ್ಟುಕೊಂಡು ಹೆಜ್ಜೆ ಇಟ್ಟಾಗ ಮುಖ ಕಿವುಚಿದ, ರೂಢಿಯಾಗುತ್ತದೆ. ಮಾಳವ್ವ ನನ್ನ ಹಿಂದೆ ಹಟ್ಟಿಯ ಅಂಚಿನವರೆಗೆ ಬಂದಳು. ಏನಾದರೂ ಹೇಳುತ್ತಾಳೆಂದು ನಿಂತೆ. ನಾನು ತುಳಿದ ಜಾಗಕ್ಕೆಲ್ಲ ಸಗಣಿನೀರು ಚಿಮುಕಿಸುತ್ತಾ ಬರುತ್ತಿದ್ದಳು.

ಮನೆಯಲ್ಲಿ ಯಾರೂ ಇಲ್ಲದ್ದರಿಂದ ಫೇಟಾವನ್ನು ನಾನೇ ಅಂಟುವಾಳದಲ್ಲಿ ಒಗೆದೆ. ಬೆವರಿನ ಕಲೆ ಹೋಯಿತು. ರಕ್ತದ್ದು ಸ್ವಲ್ಪ ಉಳಿದಿದೆ, ಮಡಿಕೆಯ ಒಳಗೆ ಬರುವಂತೆ ಮಾಡಿ ತಾಲೀಮಿನ ಗೋಡೆಗೆ ತೂಗುಹಾಕಿದ್ದೇನೆ. ಸಂಜೆ ಹುಡುಗರು ಅದಕ್ಕೆ ಕೈಮುಗಿದು ಬೈಠಕ್ ಶುರು ಮಾಡಿದರು. ಒಬ್ಬ ಎಷ್ಟು ಎಂದು ಕೇಳಿದ. ನಾನು ಸಾಕು ಅಂದಷ್ಟು ಅಂದೆ.